ನಾನು ಅಳಿಸಿದ ಬೀಸುಕಲ್ಲಿನ ಸದ್ದು

ಇದನ್ನು ಬರೆಯುವುದನ್ನು ಬಹಳ ಕಾಲದಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ಮೊಣಕಾಲು ನೋವಿನ ನೆಪ, ಆಮೇಲೆ ಕಣ್ಣಿನ ಪೊರೆಯ ನೆಪ. ಪೊರೆ ತೆಗೆಸಿಯೂ ಆಯಿತು, ಅಕ್ಷರಗಳು ಈಗ ಚೆನ್ನಾಗಿ ಕಾಣುತ್ತವೆ, ನೆಪಗಳು ಮುಗಿದವು. ಹೇಳಿದರೆ ಜನ ನಗುತ್ತಾರೆಂದು ಅಂಜಿದ್ದೆ ಅಂತ ಬರೆದರೆ ಅದೂ ಸುಳ್ಳು. ನಕ್ಕರೆ ನಗಲಿ. ಹೇಳಿದ ಮೇಲೆ ಯಾರೂ ನಗದೆ ನನ್ನ ಮುಖವನ್ನೇ ನೋಡುತ್ತ ಕೂತರೆ ಏನು ಮಾಡಲಿ ಎಂಬುದು ನನ್ನ ಅಂಜಿಕೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ದುಡಿದದ್ದು ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ. ಬಂದ ಭತ್ತದ ತೇವಾಂಶ ನೋಡುವುದು ನನ್ನ ಕೆಲಸ. ನಾನು ಸೇರಿದ ಹೊಸದರಲ್ಲಿ ಅದನ್ನು ಹಲ್ಲಿನಿಂದ ನೋಡುತ್ತಿದ್ದರು. ಹಿರಿಯ ಗುಮಾಸ್ತ ಚೀಲಕ್ಕೆ ಕೈ ಹಾಕಿ ಕಾಳು ತೆಗೆದು ಕಟಕ್ಕೆಂದು ಕಡಿದು, ಹಸಿ ಇದೆ ಅನ್ನುತ್ತಿದ್ದ. ರೈತ ಅದೇ ಚೀಲದ ಕಾಳು ಕಡಿದು, ಒಣಗಿದೆ ಅನ್ನುತ್ತಿದ್ದ. ಇಬ್ಬರ ಹಲ್ಲೂ ಅವರವರ ಲಾಭದ ಕಡೆಗೇ ಕಡಿಯುತ್ತಿದ್ದವು. ಆಮೇಲೆ ಮೀಟರ್ ಬಂತು. ಹಿಡಿ ಭತ್ತ ಹಾಕಿ ಗುಂಡಿ ಒತ್ತಿದರೆ ಅಂಕಿ ಮೂಡುತ್ತಿತ್ತು. ಜಗಳಗಳು ಕಡಿಮೆಯಾದವು. ಮೀಟರ್ ಹಿಡಿಯುವ ಕೈ ನನ್ನದು. ಮಾಲೀಕನೂ ರೈತನೂ ನನ್ನ ಬಾಯಿ ನೋಡುತ್ತಿದ್ದರು. ನಾಲಿಗೆ, ಹಲ್ಲು, ಕಿವಿ ಎಲ್ಲ ಸುಳ್ಳುಬುರುಕ, ಅಂಕಿ ಒಂದೇ ಸತ್ಯ ಅಂತ ನಾನು ನಂಬಿದ್ದು ಅಲ್ಲಿ. ಹಾಗೆ ನಂಬಿದ್ದು ದೊಡ್ಡ ತಪ್ಪೇನಲ್ಲ. ಮೀಟರ್ ಹಿಡಿದ ಮಾತ್ರಕ್ಕೆ ನಾನೂ ಮೀಟರಿನಷ್ಟೇ ನಿರ್ಮಲ ಎಂದುಕೊಂಡೆನಲ್ಲ, ಹಾಳಾದದ್ದು ಅಲ್ಲಿ.

ಗಿರಣಿ ಬಿಟ್ಟ ಮೇಲೆ ಗಂಗಾವತಿಯ ಮನೆಯಲ್ಲಿ ನನಗೆ ಹಾಡು ಕೇಳುವ ಹುಚ್ಚು ಹತ್ತಿತು. ಹತ್ತಿಸಿದವನು ನನ್ನ ಹಳೆಯ ಗೆಳೆಯ, ಭತ್ತದ ವ್ಯಾಪಾರಿ. ಊರೆಲ್ಲ ಅವನನ್ನು ಸಾಹುಕಾರ ಎನ್ನುತ್ತದೆ, ಇಲ್ಲಿಯೂ ಹಾಗೇ ಇರಲಿ. ಅವನು ಹೊರದೇಶದ ಹೊಸ ಸ್ಪೀಕರ್ ತರಿಸಿದಾಗ ಹಳೆಯ ಜೋಡಿಯನ್ನು ನನಗೆ ಕೊಟ್ಟ. ಹಳೆಯದು ಅಂದರೆ ಎದೆ ಎತ್ತರದ ಪೆಟ್ಟಿಗೆಗಳು, ಎತ್ತಿ ಒಳಗಿಡಲು ನಾಲ್ಕು ಜನ ಹಮಾಲರು ಬೇಕಾದರು. ಅದಕ್ಕೆ ತಕ್ಕ ಆಂಪ್ಲಿಫೈಯರ್ ಕೊಳ್ಳಲು ನಾನು ಉಳಿಸಿದ್ದರಲ್ಲಿ ದೊಡ್ಡ ಪಾಲು ಕರಗಿತು. ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಬೈಠಕ್. ಕೊಪ್ಪಳದಿಂದ, ಯಲಬುರ್ಗಾದಿಂದ ಇಂಥದೇ ಹುಚ್ಚಿನವರು ಬಸ್ಸು ಹತ್ತಿ ಬರುತ್ತಿದ್ದರು. ಎಲ್ಲ ಗಂಡಸರೇ. ಹಿಂದುಸ್ತಾನಿ ಹಾಡು ಹಚ್ಚುವುದು, ಅದಕ್ಕಿಂತ ಹೆಚ್ಚು ಹೊತ್ತು ಯಂತ್ರಗಳ ಬಗ್ಗೆ ವಾದಿಸುವುದು.

ಸಾಹುಕಾರನದು ಕಿವಿಯ ಪಂಥ. ಕೇರೆಹಾವಿನಷ್ಟು ದಪ್ಪ ವೈರುಗಳನ್ನು ತರಿಸಿ, ಕಣ್ಣು ಮುಚ್ಚಿ, ತಲೆ ತೂಗಿ, ಈಗ ದನಿಯೊಳಗೆ ಗಾಳಿ ಆಡುತ್ತಿದೆ ಅನ್ನುತ್ತಿದ್ದ. ಯಾವ ಗಾಳಿ, ಎಲ್ಲಿ ಆಡಿತು ಅಂತ ಕೇಳಿದರೆ ನಿನ್ನ ಕಿವಿ ಇನ್ನೂ ಹಣ್ಣಾಗಿಲ್ಲ ಎಂಬ ಉತ್ತರ. ಈಗಲೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ. ನನ್ನದು ಮೀಟರಿನ ಪಂಥ. ಅಳತೆಗೆಂದೇ ಮಾಡಿದ ಸಣ್ಣ ಮೈಕ್ ತರಿಸಿದೆ. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ಪರದೆಯ ಮೇಲೆ ಗೆರೆ ಮೂಡುತ್ತದೆ: ಎಡಕ್ಕೆ ತಗ್ಗಿನ ಸದ್ದು, ಬಲಕ್ಕೆ ಚೂಪಿನ ಸದ್ದು. ಗೆರೆ ಗದ್ದೆಯಂತೆ ಸಮವಾಗಿದ್ದರೆ ಯಂತ್ರ ಒಳ್ಳೆಯದು, ಉಬ್ಬುತಗ್ಗಿದ್ದರೆ ಕೆಟ್ಟದ್ದು. ಬಂದವರ ಮುಂದೆಲ್ಲ ಆ ಗೆರೆ ಹಿಡಿದು ನಾನು ಪಾಠ ಮಾಡುತ್ತಿದ್ದೆ. ನನಗೆ ಹಾಡು ಬೇಕಾಗಿರಲಿಲ್ಲ. ಗೆಲ್ಲುವುದು ಬೇಕಾಗಿತ್ತು.

ಇನ್ನು ಆ ಕ್ಯಾಸೆಟ್ಟಿನ ವಿಷಯ.

ನನ್ನ ಹೆಂಡತಿಯ ತವರು ಕುಷ್ಟಗಿಯ ಕಡೆಯ ಒಂದು ಹಳ್ಳಿ, ಎರೆ ಹೊಲ, ಜೋಳದ ಸೀಮೆ. ಮದುವೆಯಾದ ಹೊಸದರಲ್ಲಿ ಅಳಿಯನ ಜಂಬಕ್ಕೆ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿದ್ದೆ. ಬೆಳಗಿನ ಜಾವ ಅತ್ತೆ ಜೋಳ ಬೀಸಲು ಕೂತು ಪದ ಹಾಡುತ್ತಿದ್ದಳು. ಎದುರಿಗೆ ಅದೇ ಗೂಟ ಹಿಡಿದು ಬೀಸುತ್ತಿದ್ದವಳು ಆಕೆಯ ಹಿರಿಯ ಮಗಳು, ನನ್ನ ಹೆಂಡತಿಯ ಅಕ್ಕ. ಆ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ. ಊರವರು ಮೂಗಿ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ತಾಯಿಯ ಹಾಡು ಅವಳಿಗೆ ಕೇಳಿಸದು, ಆದರೆ ಕಲ್ಲು ಕೈಗೆ ತಿಳಿಯುತ್ತದಲ್ಲ. ತಾಯಿ ಉಸಿರು ತೆಗೆದುಕೊಳ್ಳಲು ನಿಂತರೆ ಅವಳ ಕೈಯೂ ಹಗುರಾಗುತ್ತಿತ್ತು, ಮುಂದಿನ ನುಡಿಗೆ ಮತ್ತೆ ಜಗ್ಗುತ್ತಿತ್ತು. ನಾನು ರೆಕಾರ್ಡರನ್ನು ಕಲ್ಲಿನ ಪಕ್ಕ ನೆಲದ ಮೇಲೇ ಇಟ್ಟು ಗುಂಡಿ ಒತ್ತಿದ್ದೆ. ಅದಕ್ಕೇ ಹಾಡಿನಷ್ಟೇ ಕಲ್ಲಿನ ಅದುರುವಿಕೆಯೂ ಅದರಲ್ಲಿ ತುಂಬಿಕೊಂಡಿತು.

ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಉಳಿದದ್ದು ಆ ಕ್ಯಾಸೆಟ್ ಒಂದೇ. ನನ್ನ ಹೆಂಡತಿ ಅದನ್ನು ಅವ್ವನ ದನಿ, ಅಕ್ಕನ ಕಲ್ಲು ಎನ್ನುತ್ತಿದ್ದಳು. ಈ ಲೋಕದ ಯಾವ ಯಂತ್ರದಲ್ಲೂ ಆ ಅಕ್ಕನ ಸದ್ದು ಅಂತ ಇದ್ದದ್ದು ಅದೊಂದೇ. ಕ್ಯಾಸೆಟ್ ಹಳೆಯದಾಗಿ ಅಂಟತೊಡಗಿದಾಗ ನಾನೇ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಹಾಕಿಕೊಂಡು, ಇನ್ನು ಇದೇಕೆ ಅಂತ ಕ್ಯಾಸೆಟ್ಟುಗಳನ್ನೂ ಹಳೆಯ ರೆಕಾರ್ಡರನ್ನೂ ಗುಜರಿಯವನ ಗಾಡಿಗೆ ಎತ್ತಿ ಹಾಕಿದೆ. ಹೆಂಡತಿಯನ್ನು ಕೇಳಲಿಲ್ಲ. ಕೇಳುವ ರೂಢಿ ಇರಲಿಲ್ಲ.

ಅಕ್ಕ ಮದುವೆಯಾಗಲಿಲ್ಲ, ತಮ್ಮನ ಸಂಸಾರದ ಜೊತೆ ಹಳ್ಳಿಯಲ್ಲೇ ಇದ್ದಾಳೆ. ಜೋಳದ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಬಂದು ನಾಲ್ಕು ದಿನ ಇರುತ್ತಾಳೆ. ದೊಡ್ಡ ಪೆಟ್ಟಿಗೆಗಳು ಬಂದ ವರ್ಷ ಅವಳು ಬಂದಾಗ ನನ್ನ ಹೆಂಡತಿ ಆ ಪದ ಹಚ್ಚಿಸಿಕೊಂಡು ಕೇಳುತ್ತಿದ್ದಳು. ಅಕ್ಕ ಪೆಟ್ಟಿಗೆಯ ಪಕ್ಕ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಏಳಲೆಂದು ಪೆಟ್ಟಿಗೆಗೆ ಕೈ ಊರಿದವಳು ಹಾಗೇ ನಿಂತಳು. ಮತ್ತೆ ಕೂತಳು. ಅಂಗೈಯನ್ನು ಪೂರ್ತಿ ಅದಕ್ಕೆ ಒತ್ತಿ ಇಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಭುಜ ಹಿಂದೆ ಮುಂದೆ ಆಡತೊಡಗಿತು. ಇನ್ನೊಂದು ಕೈಯಿಂದ ನನ್ನ ಹೆಂಡತಿಯ ರಟ್ಟೆ ಜಗ್ಗಿ, ಮುಷ್ಟಿ ಕಟ್ಟಿ ಗಾಳಿಯಲ್ಲಿ ಬೀಸುವಂತೆ ತಿರುಗಿಸಿ ತೋರಿಸಿದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡಳು. ನಾನು ಅಂತ. ಅವಳ ಗಂಟಲಿನಿಂದ ಬಂದ ನಗು ಕೇಳಿ ಪಕ್ಕದ ಮನೆಯವರು ಇಣುಕಿ ನೋಡಿದರು. ಅಂದಿನಿಂದ ಬಂದಾಗಲೆಲ್ಲ ಚಪ್ಪಲಿ ಬಿಟ್ಟವಳೇ ಪೆಟ್ಟಿಗೆಯ ಹತ್ತಿರ ಕೂತು ನನ್ನ ಕಡೆ ಮುಷ್ಟಿ ತಿರುಗಿಸಿ ತೋರಿಸುತ್ತಿದ್ದಳು. ಹಚ್ಚು ಅಂತ.

ಸಾಹುಕಾರನ ಕಿವಿ, ನನ್ನ ಮೈಕು, ಬಂದವರ ತಲೆದೂಗಾಟ ಎಲ್ಲ ಸುಡುಗಾಡಿಗೆ ಹೋಗಲಿ. ಆ ಪೆಟ್ಟಿಗೆಗಳಿಗೆ ಸಿಕ್ಕ ನಿಜವಾದ ತೀರ್ಪು ಅಂದು ಆ ಅಂಗೈ ಕೊಟ್ಟದ್ದೇ. ಸಣ್ಣ ಯಂತ್ರಗಳು ಯಾವತ್ತೂ ಎತ್ತಿಕೊಡದ ಕಲ್ಲನ್ನು ಅವು ಎತ್ತಿಕೊಟ್ಟಿದ್ದವು. ಅದನ್ನು ಕಣ್ಣಾರೆ ನೋಡಿದ ನನ್ನ ತಲೆಗೆ ಬಂದದ್ದೇನು? ಪೆಟ್ಟಿಗೆಯ ತಗ್ಗಿನ ಸದ್ದು ಬಲವಾಗಿದೆ, ಸಾಹುಕಾರನಿಗೆ ಹೇಳಬೇಕು ಅಂತ. ಅಷ್ಟೇ.

ಹೇಳಲಿಕ್ಕೆಂದೇ ಒಂದು ಭಾನುವಾರ ಬೈಠಕ್ಕಿನಲ್ಲಿ ಆ ಪದ ಹಚ್ಚಿದೆ. ಸ್ವಲ್ಪ ಕೇಳಿ ಸಾಹುಕಾರ ಕೈ ಎತ್ತಿದ.

"ದೋಸ್ತ, ನಿನ್ನ ಮಷಿನ್ ಗುರುಗುಡತೈತಿ. ಕರೆಂಟಿನ ಗುರುಗುರು ಅದು. ನನ್ನ ಕಿವಿಗಿ ಬಡೀತು."

ನಾನು ಹಾಡು ನಿಲ್ಲಿಸಿ ಪರದೆ ತೋರಿಸಿದೆ. ಗೆರೆ ನೆಲಕ್ಕೆ ಮಲಗಿತ್ತು. ಯಂತ್ರದ್ದಾಗಿದ್ದರೆ ಈಗಲೂ ಇರಬೇಕಿತ್ತಲ್ಲ ಎಂದೆ. ಮಾತು ಸರಿಯೇ ಇತ್ತು.

"ಗೆರಿ ನೋಡಾಕ ಬಂದಿಲ್ಲೋ ಮಾರಾಯ, ಕೇಳಾಕ ಬಂದೇವಿ. ನಿನ್ನ ಮೀಟರ್ ಕಿವುಡ ಐತಿ."

ಎಲ್ಲರೂ ನಕ್ಕರು. ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, ಯಾರೂ ಕೇಳದಿದ್ದರೂ, ಹೇಳಿದಳು. "ಅದು ಮಷಿನ್ ಅಲ್ರಿ ಅಣ್ಣಾರ. ನಮ್ಮಕ್ಕ ಕಲ್ಲು ಬೀಸಾಕತ್ಯಾಳ."

"ಕಲ್ಲಿನ ಸದ್ದು ಕೇಳಾಕ ಇಷ್ಟು ದೊಡ್ಡ ಪೆಟಗಿ ಯಾಕಬೇಕು ತಂಗಿ? ಹಿಟ್ಟಿನ ಗಿರಣಿ ಮುಂದ ಕುಂತ್ರ ಸಾಕಲ್ಲ."

ಮತ್ತೆ ನಗು. ಆ ನಗು ನನ್ನ ಮೇಲೆ ಬಿದ್ದಿತೆಂದು ನಾನು ಅವಳಿಗೆ ಗದರಿದೆ. ಚಹಾ ಕೊಟ್ಟು ಒಳಗೆ ನಡಿ ಎಂದೆ. ಇಡೀ ಪಡಸಾಲೆಯಲ್ಲಿ ಆ ಸದ್ದು ಯಾವುದೆಂದು ಸರಿಯಾಗಿ ಹೇಳಿದವಳು ಅವಳೊಬ್ಬಳೇ, ಒಳಗೆ ಕಳಿಸಿದ್ದೂ ಅವಳೊಬ್ಬಳನ್ನೇ.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದೆ. ಇಲ್ಲಿ ತಿಳಿಯದೆ ಮಾಡಿದೆ ಅಂತ ಬರೆಯುವ ಆಸೆ ಬಹಳ ಇದೆ. ಆದರೆ ನನಗೆ ತಿಳಿದಿತ್ತು. ಪರದೆಯ ಎಡಗಡೆ ಗುಡ್ಡದಂತೆ ಎದ್ದು ನಿಂತದ್ದು ಬೀಸುಕಲ್ಲು ಅಂತ, ಅದನ್ನು ತಿರುಗಿಸುವ ಕೈ ಯಾರದು ಅಂತ, ಆ ಕೈ ನಮ್ಮ ಮನೆಗೆ ಬಂದು ಏನನ್ನು ಮುಟ್ಟಿ ನೋಡುತ್ತದೆ ಅಂತ, ಎಲ್ಲ ತಿಳಿದಿತ್ತು. ಆದರೂ ಸಾಹುಕಾರನ ನಗು ನನ್ನೊಳಗೆ ಕೊರೆಯುತ್ತಿತ್ತು. ಮುಂದಿನ ಭಾನುವಾರ ಅದೇ ಪದ ಹಚ್ಚಿ, ಎಲ್ಲಿದೆ ಗುರುಗುರು, ತೋರಿಸು ಅನ್ನಬೇಕಿತ್ತು. ಆ ಗುಡ್ಡಕ್ಕೆ ಕಂಪ್ಯೂಟರಿನ ಭಾಷೆಯಲ್ಲಿ ಗದ್ದಲ ಅಂತ ಹೆಸರಿದೆ. ಅಳಿಸಲು ಒಂದು ಗುಂಡಿಯೂ ಇದೆ. ಅಳಿಸಿದೆ. ಗೆರೆ ಸಮವಾಯಿತು. ಹಳೆಯದರ ಮೇಲೆಯೇ ಉಳಿಸಲೇ ಅಂತ ಯಂತ್ರ ಕೇಳಿತು. ಯಂತ್ರಕ್ಕಿರುವಷ್ಟು ಬುದ್ಧಿಯೂ ನನಗಿರಲಿಲ್ಲ. ಹೌದು ಅಂತ ಒತ್ತಿದೆ.

ಆ ಭಾನುವಾರ ಅತ್ತೆಯ ದನಿ ತೊಳೆದಿಟ್ಟ ಗಾಜಿನಂತೆ ಬಂತು. ಕೊಪ್ಪಳದವರು ವಾಹ್ ಎಂದರು. ಸಾಹುಕಾರ ಕಣ್ಣು ಮುಚ್ಚಿ ಪೂರ್ತಿ ಕೇಳಿ, ಗೆದ್ದವನ ನಗೆ ನಕ್ಕ.

"ವೈರ್ ಬದಲಿ ಮಾಡೀಯಲ್ಲ? ನನಗ ಹೇಳಬ್ಯಾಡ. ಕಿವಿಗಿ ಗೊತ್ತಾಗತೈತಿ."

ನಾನು ಹೂಂ ಎಂದೆ. ಅವನ ಹಣ್ಣಾದ ಕಿವಿಗೆ ಒಬ್ಬ ಹೆಣ್ಣುಮಗಳು ಹಾಡಿನಿಂದ ಎದ್ದು ಹೋದದ್ದು ತಿಳಿಯಲಿಲ್ಲ, ವೈರು ತಿಳಿಯಿತು. ನಾನಾದರೂ ಏನು ಕಡಿಮೆ? ಸತ್ಯದ ವಕಾಲತ್ತು ವಹಿಸಿದವನು, ಹೊಗಳಿಕೆ ಸಿಕ್ಕ ಕೂಡಲೇ ವೈರಿನ ಸುಳ್ಳಿಗೆ ತಲೆ ಆಡಿಸಿದೆ. ಆ ಪಡಸಾಲೆಯಲ್ಲಿ ಅಂದು ಕೂತವರೆಲ್ಲರ ಮೇಲೂ ನನಗೆ ಈಗ ಸಿಟ್ಟು ಬರುತ್ತದೆ. ವಾಹ್ ಎನ್ನಲು ಒಬ್ಬರ ಮುಖ ಒಬ್ಬರು ನೋಡುವ ಆ ಜನ, ಅವರಿಗೆ ಚಹಾ ಕಾಯಿಸಿ ಕೊಡುವ ಮನೆ, ಮತ್ತು ಆ ಮನೆಯ ಯಜಮಾನ.

ಸಂಜೆ ಊಟಕ್ಕೆ ಕೂತಾಗ ಹೆಂಡತಿ ರೊಟ್ಟಿ ಹಾಕುತ್ತ, ನನ್ನ ಮುಖ ನೋಡದೆ ಅಂದಳು. "ಅವ್ವ ಬರಿಗೈಲೆ ಹಾಡಾಕತ್ಯಾಳ. ಕಲ್ಲೆಲ್ಲಿ ಹೋತು?"

ಹಳೆಯ ಟೇಪಿನಲ್ಲಿ ತಗ್ಗಿನ ಸದ್ದು ಮೊದಲು ಸಾಯುತ್ತದೆ, ಅದು ಟೇಪಿನ ಗುಣ ಅಂತ ವಿವರಿಸಿದೆ. ಟೇಪಿನಲ್ಲಿ ಮೊದಲು ಹೋಗುವುದು ಚೂಪಿನ ಸದ್ದು. ಅದು ನನಗೆ ಗೊತ್ತು. ಅವಳಿಗೆ ಗೊತ್ತಿಲ್ಲವೆಂದೇ ಆ ಸುಳ್ಳನ್ನು ಆರಿಸಿಕೊಂಡೆ.

ಸುಗ್ಗಿ ಮುಗಿಯಿತು. ಅಕ್ಕ ಬಂದಳು, ಉಡಿಯಲ್ಲಿ ಹೊಸ ಕಡಲೆ ಕಾಳು ಕಟ್ಟಿಕೊಂಡು. ಚಪ್ಪಲಿ ಬಿಟ್ಟವಳೇ ಪೆಟ್ಟಿಗೆಯ ಹತ್ತಿರ ಕೂತು ಮುಷ್ಟಿ ತಿರುಗಿಸಿದಳು. ತಪ್ಪಿಸಿಕೊಳ್ಳಲು ಏನೇನೋ ನೋಡಿದೆ. ಕರೆಂಟಿಲ್ಲ ಅಂತ ಕೈಸನ್ನೆ ಮಾಡಿದೆ, ಅವಳು ತಿರುಗುತ್ತಿದ್ದ ಫ್ಯಾನು ತೋರಿಸಿದಳು. ಹಚ್ಚಿದೆ. ಅಂಗೈ ಒತ್ತಿ ಕಾದಳು. ನನ್ನ ಹೆಂಡತಿಯ ತುಟಿ ಪದದ ಜೊತೆ ಆಡುವುದನ್ನು ನೋಡಿ, ಹಾಡು ಶುರುವಾಗಿದೆ ಅಂತ ತಿಳಿದು, ಕೈ ಕೆಳಗೆ ಸರಿಸಿದಳು. ಮೇಲೆ ಸರಿಸಿದಳು. ಇನ್ನೊಂದು ಪೆಟ್ಟಿಗೆಗೆ ಹೋದಳು. ಕೆನ್ನೆ ಹಚ್ಚಿದಳು. ಆಮೇಲೆ ಸೆರಗಿನ ತುದಿಯಿಂದ ಪೆಟ್ಟಿಗೆಯ ಮುಖ ಒರೆಸತೊಡಗಿದಳು, ಧೂಳು ಕೂತು ಕಟ್ಟಿಕೊಂಡಿದೆ ಎನ್ನುವಂತೆ. ಒರೆಸಿ ಮತ್ತೆ ಕೈಯಿಟ್ಟಳು. ಕೊನೆಗೆ ನನ್ನ ಕಡೆ ತಿರುಗಿ, ಮುಷ್ಟಿ ತಿರುಗಿಸಿ, ಅಂಗೈ ಬಿಚ್ಚಿ, ಎಲ್ಲಿ ಅಂತ ಕೇಳಿದಳು.

ನಾನು ಪೆಟ್ಟಿಗೆ ತೋರಿಸಿ, ಕೆಟ್ಟಿದೆ ಅಂತ ಕೈ ಆಡಿಸಿದೆ. ಅವಳು ನಂಬಿದಳು. ನನ್ನ ಬೆನ್ನು ಸವರಿದಳು, ಇಷ್ಟು ದೊಡ್ಡದು ಕೆಟ್ಟಿತಲ್ಲ ಪಾಪ ಅನ್ನುವಂತೆ. ಆ ಕೈ ನನ್ನ ಬೆನ್ನ ಮೇಲೆ ಇದ್ದಾಗಲೇ ಹೇಳಬೇಕಿತ್ತು.

ಹೇಳುವ ಬದಲು ಇನ್ನೂ ಹೊಲಸು ಕೆಲಸ ಮಾಡಿದೆ. ಕಲ್ಲನ್ನು ನಾನೇ ಮತ್ತೆ ತಯಾರಿಸುತ್ತೇನೆ ಅಂತ ಕೂತೆ. ಅಳಿಸಿದ ಗುಡ್ಡದ ಆಕಾರ ನನಗೆ ನೆನಪಿತ್ತು. ಕಂಪ್ಯೂಟರಿನಲ್ಲಿ ಅದೇ ತಗ್ಗಿನ ಸದ್ದು ಹುಟ್ಟಿಸಿ, ಏರಿಳಿತ ಕೊಟ್ಟು, ಅತ್ತೆಯ ದನಿಯ ಕೆಳಗೆ ಸೇರಿಸಿದೆ. ಪರದೆಯಲ್ಲಿ ಗೆರೆ ಮೊದಲಿನಂತೆಯೇ ಬಂತು. ಅಳತೆಯ ಪ್ರಕಾರ ಕಲ್ಲು ವಾಪಸು ಬಂದಿತ್ತು. ಮುಂದಿನ ಸುಗ್ಗಿಗೆ ಅಕ್ಕ ಬಂದಾಗ ನಾನೇ ಕರೆದು ಕೂರಿಸಿ, ಸರಿಯಾಗಿದೆ ಅಂತ ಕೈಸನ್ನೆ ಮಾಡಿ ಹಚ್ಚಿದೆ. ಅವಳು ಆಸೆಯಿಂದ ಅಂಗೈ ಇಟ್ಟಳು. ಒಂದು ಸುತ್ತು ಆಗುವುದರೊಳಗೆ ತೆಗೆದಳು. ನನ್ನ ಕಲ್ಲು ನಿಲ್ಲದೆ ತಿರುಗುತ್ತಿತ್ತು. ತಾಯಿ ಉಸಿರು ತೆಗೆದುಕೊಳ್ಳುವಲ್ಲಿ ಕೈ ಹಗುರಾಗುತ್ತಿರಲಿಲ್ಲ, ಕಾಳು ಹಾಕುವಲ್ಲಿ ತಡೆಯುತ್ತಿರಲಿಲ್ಲ. ಕಾಯಿಸಿದ ಹಂಚು ಮುಟ್ಟಿದವಳಂತೆ ಕೈ ಸೆರಗಿಗೆ ಒರೆಸಿಕೊಂಡಳು. ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. ಈ ಸಲ ಬೆನ್ನು ಸವರಲಿಲ್ಲ. ಎದ್ದು ಅಡಿಗೆಮನೆಗೆ ಹೋದಳು. ಆ ಮೇಲೆ ನಮ್ಮ ಮನೆಗೆ ಬಂದಾಗ ಪಡಸಾಲೆ ದಾಟಿ ನೇರ ಒಳಗೆ ಹೋಗುತ್ತಾಳೆ. ಮುಷ್ಟಿ ತಿರುಗಿಸುವುದನ್ನು ಬಿಟ್ಟಿದ್ದಾಳೆ.

ಆ ದಿನವೇ ಹೆಂಡತಿಗೆ ಎಲ್ಲ ಹೇಳಿ ಕೈ ಮುಗಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ನನಗ್ಯಾಕ ಕೈ ಮುಗೀತೀರಿ? ಕಲ್ಲು ನಂದಲ್ಲ. ಯಾರ್ದೈತಿ ಅವರ ಕಡೆ ಹೋಗ್ರಿ."

ಹೋದೆ. ಗಂಗಾವತಿಯಿಂದ ಕುಷ್ಟಗಿ, ಅಲ್ಲಿಂದ ಟಂಟಂ ಆಟೊ ಹಿಡಿದು ಹಳ್ಳಿ. ಅಕ್ಕ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಇಟ್ಟು ಎದ್ದು, ನೀರು ತಂದು ಕೊಟ್ಟಳು. ಕುಡಿದೆ. ಆರೋಗ್ಯ ವಿಚಾರಿಸಲು ಬಂದೆ ಅಂತ ಅವಳ ತಮ್ಮನಿಗೆ ಹೇಳಿ, ಊಟ ಮಾಡಿ, ಬಂದ ದಾರಿಯಲ್ಲೇ ಬಂದೆ. ಹೀಗೆ ಹೋಗಿ ಬರುವುದು ಒಂದು ರೂಢಿಯೇ ಆಗಿದೆ. ಪ್ರತಿ ಸಲ ಬಸ್ಸಿನಲ್ಲಿ ಒಂದು ಕಾರಣ ಕಟ್ಟಿಕೊಳ್ಳುತ್ತೇನೆ. ಅವಳಿಗೆ ಕೇಳಿಸುವುದಿಲ್ಲ, ಅಳಿಸುವುದು ಅಂದರೇನು ಅಂತ ಕೈಸನ್ನೆಯಲ್ಲಿ ಹೇಗೆ ತಿಳಿಸಲಿ, ಫೈಲು ಅಂದರೆ ಅವಳಿಗೇನು ಗೊತ್ತು ಅಂತ. ಎಲ್ಲ ಕಳ್ಳ ಮಾತು. ಕೈ ಮುಗಿಯುವುದಕ್ಕೆ ಭಾಷೆ ಬೇಕಿಲ್ಲ. ಕಂಡ ಕಂಡ ಗುಡಿಯ ಮುಂದೆ, ದರ್ಗಾದ ಮುಂದೆ ಮುಗಿಯುತ್ತ ಬಂದ ಕೈಗಳು ಇವು. ಆ ಅಂಗಳದಲ್ಲಿ ಮಾತ್ರ ನೀರಿನ ಚೊಂಬು ಹಿಡಿದುಕೊಂಡಿರುತ್ತವೆ.

ಪೆಟ್ಟಿಗೆಗಳನ್ನು ಕೊಟ್ಟುಬಿಟ್ಟೆ. ಬೈಠಕ್ ಈಗ ಸಾಹುಕಾರನ ಮನೆಯಲ್ಲಿ ನಡೆಯುತ್ತದೆ, ನಾನು ಹೋಗುವುದಿಲ್ಲ. ವೈರು ಬದಲಿಸಿರಲಿಲ್ಲ, ಅಂದು ಹೂಂ ಅಂದದ್ದು ಸುಳ್ಳು ಅಂತ ಅವನಿಗೂ ಹೇಳಿದೆ. ಅವನಿಗೆ ಸಿಟ್ಟು ಬಂತು, ಕಲ್ಲಿನ ವಿಷಯಕ್ಕಲ್ಲ, ತನ್ನ ಕಿವಿಯ ವಿಷಯಕ್ಕೆ. ಅವನ ಹತ್ತಿರವೂ ತಪ್ಪಾಯಿತು ಎಂದೆ. ಹೆಂಡತಿಯ ಹತ್ತಿರ ಎಂದೆ. ತೀರಿಹೋದ ಅತ್ತೆಯ ಪಟದ ಮುಂದೆಯೂ ಎಂದೆ. ತಪ್ಪಾಯಿತು ಎನ್ನದೆ ಉಳಿದದ್ದು ಒಬ್ಬಳ ಹತ್ತಿರ ಮಾತ್ರ: ನಾನು ಮೂಗಿ ಅಂತ ಕರೆಯುತ್ತ ಬಂದ ನನ್ನ ಹೆಂಡತಿಯ ಅಕ್ಕನ ಹತ್ತಿರ.